ಪ್ರಾಣಹಾನಿ ಸಂಭವಿಸಿಲ್ಲ

ಶುಕ್ರವಾರ, ನವೆಂಬರ್ ೧೪

ಪ್ರೀತಿಯ ಪುಟ್ಟಿಗೆ,

ಅಮ್ಮನ ಆಶೀರ್ವಾದ. ನೀನು ಫೋನ್ ಎತ್ತುವುದಿಲ್ಲ. ಎತ್ತಿದರೂ "ನಂಗೇನೂ ಆಗಿಲ್ಲಮ್ಮ, ಇಡ್ಲಾ?" ಎಂದು ಇಟ್ಟೇಬಿಡುತ್ತೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಹೋದ ವಾರವೇ ಬರೆಯಬೇಕಿತ್ತು, ತಡವಾಯಿತು, ಬೈಯಬೇಡ. ಕೆಲಸದಲ್ಲಿ ಒಂದು ಎಡವಟ್ಟಾಗಿತ್ತು, ಅದೂ ನನ್ನಿಂದಲೇ.

ಬರುವ ಗುರುವಾರ ನಿನ್ನ ಪರೀಕ್ಷೆ ಎಂದು ನಿನ್ನ ಜೊತೆ ಹಾರುವ ಆ ಉದ್ದ ಜಡೆಯ ಗಗನಸಖಿ ಹೇಳಿದಳು. ಅವತ್ತು ಹೋಗದಿದ್ದರೆ ನಿನ್ನ ಪೈಲಟ್ ಲೈಸೆನ್ಸ್ ನಿಂತುಹೋಗುತ್ತದಂತೆ, ಮತ್ತೆ ಮೊದಲಿನಿಂದ ತರಬೇತಿಯಂತೆ. ಇಳಿಯುವಾಗ ಟೈರ್ ಸಿಡಿದು ವಿಮಾನ ಹುಲ್ಲಿಗೆ ಜಾರಿದ್ದು ನಿನ್ನ ತಪ್ಪಲ್ಲ ಎಂದು ವಿಚಾರಣೆಯವರೇ ಹೇಳಿದ್ದಾರೆ. ಆದರೂ ನೀನು ಪರದೆ ಎಳೆದುಕೊಂಡು ಕೂತಿದ್ದೀಯಂತೆ. ಹೋಗುತ್ತೀಯೋ ಇಲ್ಲವೋ ಎಂದರೆ ಗೋಡೆ ನೋಡುತ್ತೀಯಂತೆ. ನನಗೆ ಊಟ ಸೇರುತ್ತಿಲ್ಲ ಕಣೇ.

ಇರಲಿ, ಮೊದಲು ನನ್ನ ಕಥೆ ಕೇಳು. ಪತ್ರಿಕೆಯಿಂದ ನಿವೃತ್ತಳಾದ ಮೇಲೆ ನಾನು ಎಲ್ಲಿಗೆ ಹೋಗುತ್ತಿದ್ದೇನೆ ಎಂದು ನೀನು ಸರಿಯಾಗಿ ಕೇಳಲೇ ಇಲ್ಲ. ಕನ್ನಡಕದ ಅಂಗಡಿಯ ಮೇಲೆ ಒಂದು ಕೋಣೆ. ಮೂರು ಮೇಜು, ಒಂದು ಫ್ಯಾನು, ಅದೂ ಸದಾ ಟವರ್ ಸಾಹೇಬರ ಕಡೆಗೇ ತಿರುಗಿರುತ್ತದೆ. ಸಾಹೇಬರು ವಿಮಾನ ನಿಲ್ದಾಣದ ಟವರಿನಲ್ಲಿ ಕೂತು ನಿಮ್ಮಂಥವರಿಗೆ ಇಳಿ, ಕಾಯು ಎಂದು ಹೇಳುತ್ತಿದ್ದವರು, ಈಗ ನನ್ನ ಹಾಗೇ ನಿವೃತ್ತರು. ಮೂರನೆಯವಳು ಎಂಜಿನಿಯರ್ ಹುಡುಗಿ. ಪೈಲಟ್‌ಗಳು, ಮೆಕ್ಯಾನಿಕ್‌ಗಳು ತಮ್ಮ ಕಣ್ಣೆದುರು ಆದ ಅವಘಡಗಳನ್ನು ಹೆಸರು ಹಾಕದೆ ಬರೆದು ಕಳಿಸುತ್ತಾರಲ್ಲ, ಆ ವರದಿಗಳು ರಾಶಿ ಬಿದ್ದಿವೆ. ಓದುವುದಕ್ಕೆ ಯಾರಿಗೂ ಪುರುಸೊತ್ತಿಲ್ಲ. ಯಂತ್ರವೇ ಓದಿ ಮೂರು ವಾಕ್ಯದಲ್ಲಿ ಸಾರಾಂಶ ಬರೆಯುವ ಹಾಗೆ ಈ ಹುಡುಗಿ ಅದಕ್ಕೆ ಕಲಿಸುತ್ತಿದ್ದಾಳೆ. ಅದು ಕಲಿಯಬೇಕಾದರೆ ಮೊದಲು ಮನುಷ್ಯರು ಬರೆದು ತೋರಿಸಬೇಕು. ನಾನು ಬರೆಯುತ್ತೇನೆ, ವಿಮಾನದ ವಿಷಯ ತಪ್ಪಿಲ್ಲ ಎಂದು ಸಾಹೇಬರು ನೋಡಿ ಸಹಿ ಹಾಕುತ್ತಾರೆ. ಜೀವಮಾನವಿಡೀ ಬೇರೆಯವರು ಬರೆದದ್ದನ್ನು ಕತ್ತರಿಸಿದವಳಿಗೆ ಇದೇನು ಮಹಾ ಎಂದುಕೊಂಡಿದ್ದೆ.

ಯಂತ್ರ ಬರೆದ ಮೊದಲ ಕಂತನ್ನು ತಿದ್ದಲು ಕೂತೆವು. ಒಂದು ವರದಿಯಲ್ಲಿ ವಿಮಾನ ಕುಲುಕಿ ಗಗನಸಖಿಯ ಕೈಮೇಲೆ ಕುದಿಯುವ ನೀರು ಚೆಲ್ಲಿತ್ತು, ಪಾಪ, ಆಸ್ಪತ್ರೆ ಸೇರಿದ್ದಳು. ಯಂತ್ರದ ಸಾರಾಂಶದ ಕೊನೆಯಲ್ಲಿ, "ಅದೃಷ್ಟವಶಾತ್ ಯಾವುದೇ ಪ್ರಾಣಹಾನಿ ಸಂಭವಿಸಿಲ್ಲ. ಎಲ್ಲರೂ ಸುರಕ್ಷಿತ." ಇನ್ನೊಂದರಲ್ಲಿ ಮೆಕ್ಯಾನಿಕ್ ಒಬ್ಬ ಎಂಜಿನ್ನಿನೊಳಗೆ ಸ್ಪ್ಯಾನರ್ ಮರೆತಿದ್ದ. ಅದಕ್ಕೂ ಅದೇ ವಾಕ್ಯ.

"ಏನ್ ಮೇಡಂ ಇದು, ಶೆಡ್ಡಲ್ಲಿ ನಿಂತಿರೋ ವಿಮಾನದಲ್ಲಿ ಯಾರ್ ಸಾಯ್ತಾರೆ?" ಎಂದರು ಸಾಹೇಬರು. "ನಮ್ಮನೆ ಅಳಿಯನ ಥರ ಆಯ್ತಲ್ಲ. ಏನ್ ಕೇಳಿದ್ರೂ ಎಲ್ಲಾ ಚೆನ್ನಾಗಿದೆ ಮಾವ ಅಂತಾನೆ."

"ಎಲ್ಲಿಂದ ಕಲೀತೋ ದರಿದ್ರದ್ದು!" ಎಂದು ನಾನೂ ದನಿಗೂಡಿಸಿದೆ.

ಹುಡುಗಿ ಏನೇನೋ ಹುಡುಕಿದಳು. ಆಮೇಲೆ ಮೆಲ್ಲಗೆ, "ಆಂಟೀ, ಬೇಜಾರ್ ಮಾಡ್ಕೋಬೇಡಿ. ಅದು ನಿಮ್ಮಿಂದಾನೇ ಕಲ್ತಿದೆ," ಎಂದಳು.

ತೆಗೆದು ನೋಡಿದರೆ ಹೌದು! ವರದಿಯಲ್ಲಿ ಇರಲಿ ಇಲ್ಲದಿರಲಿ, ನಾನು ಬರೆದು ತೋರಿಸಿದ್ದಕ್ಕೆಲ್ಲ ಬಾಲದ ಹಾಗೆ ಅದೇ ವಾಕ್ಯ. ಪತ್ರಿಕೆಯಲ್ಲಿ ಅಪಘಾತದ ಸುದ್ದಿಗೆ ಆ ಸಾಲಿಲ್ಲದಿದ್ದರೆ ನಮ್ಮ ಮುಖ್ಯಸ್ಥರು ಹಾಳೆಯನ್ನು ಮುಖಕ್ಕೇ ಎಸೆಯುತ್ತಿದ್ದರು. ಕೈ ತಾನಾಗಿಯೇ ಬರೆದಿದೆ, ನನಗೆ ಅರಿವೇ ಇಲ್ಲ. ಸಾಹೇಬರು ಬಿದ್ದು ಬಿದ್ದು ನಕ್ಕರು. ನನಗೆ ಪಿತ್ತ ನೆತ್ತಿಗೇರಿತು. "ನಗೋದೇನ್ ಬಂತು? ನೀವೂ ಓದಿ ಸಹಿ ಹಾಕಿದ್ದೀರಲ್ಲ!" ಎಂದೆ. ಆಮೇಲೆ ಸಾಹೇಬರು ಫ್ಯಾನನ್ನು ನನ್ನ ಕಡೆ ತಿರುಗಿಸಿದರು.

ಹಾಗಾಗಿ ವಾರವಿಡೀ ಎಲ್ಲ ವರದಿಗಳನ್ನೂ ಮತ್ತೆ ಓದಿ ತಿದ್ದಿದೆ. ಒಂದರಲ್ಲಿ ಯಾರೋ ಸಹ ಪೈಲಟ್ ಬರೆದಿದ್ದರು: ವಿಮಾನ ನಿಂತ ಮೇಲೆ ಸೀಟ್ ಬೆಲ್ಟ್ ಬಿಚ್ಚಲು ಕೈ ಆಡಲಿಲ್ಲ, ಬೇರೆಯವರು ಬಂದು ಬಿಚ್ಚಬೇಕಾಯಿತು ಎಂದು. ಮೊದಲ ಸಲ ನಾನದನ್ನು ಬೇಡದ ಮಾತು ಎಂದು ಹೊಡೆದುಹಾಕಿದ್ದೆ. ಈಗ ಸಾಹೇಬರನ್ನು ಕೇಳಿದೆ. "ಇರ್ಲಿ ಮೇಡಂ. ಕೈ ಆಡ್ಲಿಲ್ಲ ಅನ್ನೋದು ಸಣ್ಣ ವಿಷ್ಯ ಅಲ್ಲ," ಎಂದರು. ನನಗೆ ಅಲ್ಲೇ ಅಳು ಬಂತು. ಹುಡುಗಿ ಗಾಬರಿಯಾಗಿ ನೀರು ತಂದುಕೊಟ್ಟಳು.

ನಿನಗೇನೂ ಆಗಿಲ್ಲ ಎಂದು ನೀನು ಹೇಳಿದೆ. ಸದ್ಯ, ನೀನು ಬದುಕಿದೆಯಲ್ಲ ಎಂದು ನಾನೂ ನಂಬಿದೆ, ಬಂದವರಿಗೆಲ್ಲ ಹಾಗೇ ಹೇಳಿದೆ. ಈಗ ನಂಬುವುದಿಲ್ಲ. ಗುರುವಾರ ಹೋಗು ಎನ್ನುವುದಿಲ್ಲ, ಬೇಡ ಎನ್ನುವುದೂ ಇಲ್ಲ. ಹಾರಿದರೂ ನೀನು ನನ್ನ ಮಗಳೇ, ಬಿಟ್ಟು ಮನೆಗೆ ಬಂದರೂ ನನ್ನ ಮಗಳೇ. ಆದರೆ ಅವತ್ತು ಅಲ್ಲಿ ಏನಾಯಿತು ಎಂದು ನನಗೆ ಹೇಳು. ಎಷ್ಟುದ್ದವಾದರೂ ಬರೆ, ಒಂದಕ್ಷರ ಕತ್ತರಿಸುವುದಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಆ ಪರದೆಯನ್ನು ಸ್ವಲ್ಪ ಸರಿಸು. ನೀನು ಏನೇ ನಿರ್ಧಾರ ಮಾಡಿದರೂ ನಿನಗೆ ಒಳ್ಳೆಯದಾಗಲಿ, ಮನಸ್ಸು ತಣ್ಣಗಿರಲಿ.

ಇಂತಿ,
ನಿನ್ನ ಅಮ್ಮ

ಬರೆದು ಮುಗಿಸಿದ ಮೇಲೆ: ಇದನ್ನು ಹೇಳಬಾರದು ಎಂದುಕೊಂಡಿದ್ದೆ, ತಡೆಯಲಾಗುತ್ತಿಲ್ಲ. ಅವತ್ತು ಟಿವಿಯಲ್ಲಿ ಹುಲ್ಲಿನ ಮೇಲೆ ಓರೆಯಾಗಿ ನಿಂತ ವಿಮಾನ ನೋಡಿ ನಿಮ್ಮ ಕಂಪನಿಗೆ ಫೋನ್ ಮಾಡಿದೆ. "ನಿಮ್ಮ ನಂಬರ್ ನಮ್ಮಲ್ಲಿಲ್ಲಮ್ಮ, ಹೇಳೋ ಹಾಗಿಲ್ಲ," ಎಂದ ಆ ಕಡೆಯವನು. "ನಾನು ಹೆತ್ತ ತಾಯಿ ಕಣಪ್ಪಾ," ಎಂದೆ. "ಇರ್ಬಹುದಮ್ಮ, ಆದ್ರೆ ಏನಾದ್ರೂ ಆದ್ರೆ ಅವ್ರ ಮನೆ ಓನರ್‌ಗೆ ಹೇಳಿ ಅಂತ ನಿಮ್ಮ ಮಗಳೇ ಬರೆದುಕೊಟ್ಟಿದ್ದಾರೆ," ಎಂದ. ನೀನು ಫೋನ್ ಮಾಡುವವರೆಗೂ ನೀನು ಇದ್ದೀಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ನೀನು ಯಾಕೆ ಹಾಗೆ ಮಾಡಿದೆ ಎಂದು ಗೊತ್ತು. ಅಪ್ಪ ಹೋದ ಸುದ್ದಿ ಬಂದಾಗ ನಾನು ಫೋನ್ ಹಿಡಿದುಕೊಂಡೇ ನೆಲಕ್ಕೆ ಬಿದ್ದದ್ದನ್ನು ನೋಡಿದವಳು ನೀನು. ಬಿದ್ದೆ, ನಿಜ. ಆದರೆ ಎದ್ದೆನಲ್ಲೇ. ನೀನು ಮತ್ತೆ ಹಾರುವುದಾದರೆ, ಹತ್ತುವ ಮೊದಲು ಕಂಪನಿಯಲ್ಲಿ ನನ್ನ ನಂಬರ್ ಬರೆಸು. ಏನೇ ಆದರೂ ಮೊದಲು ನನಗೆ ಹೇಳಲಿ, ಪುಟ್ಟೀ.