ಪೂರ್ತಿ ಓದಿದ್ಯಾ?

ಸೆಪ್ಟೆಂಬರ್ ೧೨, ಭಾನುವಾರ

ಪ್ರೀತಿಯ ಗುಬ್ಬಿ,

ಹೊಸ ಕೋಣೆ ಹೇಗಿದೆಯೇ? ಗಾಳಿ ಬೆಳಕು ಉಂಟಾ? ಗಂಡನ ಮನೆ ಬಿಟ್ಟು ಒಬ್ಬಳೇ ಇದ್ದೇನೆ ಎಂಬ ನಿನ್ನ ಎರಡು ಸಾಲಿನ ಕಾಗದ ತಲುಪಿ ಎರಡು ತಿಂಗಳಾಯಿತು. ಉತ್ತರ ತಡವಾದದ್ದಕ್ಕೆ ಪರೀಕ್ಷೆ, ಪೇಪರ್ ತಿದ್ದುವ ಕೆಲಸ ಎಂದೆಲ್ಲ ನೆಪ ಹೇಳಬಹುದು. ನಿಜವೆಂದರೆ, ಅಕ್ಕನಿಗೆ ಮೊದಲೇ ಒಂದು ಮಾತು ಹೇಳಬಾರದಿತ್ತೇ ಎಂದು ಮುನಿಸಿಕೊಂಡು ಕೂತಿದ್ದೆ.

ನಮ್ಮ ಶಾಲೆಗೆ ಹೊಸ ಹೆಡ್ಮಿಸ್ ಬಂದಿದ್ದಾರೆ. ಪ್ರಬಂಧ ಬರೆದ ಮೇಲೆ ಮಕ್ಕಳು ಜೋಡಿಯಾಗಿ ಕೂತು ಒಬ್ಬರದನ್ನೊಬ್ಬರು ಓದಬೇಕು, ಓದಿದ್ದನ್ನು ತಮ್ಮ ಮಾತಿನಲ್ಲಿ ಹೇಳಬೇಕು, ತಿಳಿಯದ್ದನ್ನು ಕೇಳಬೇಕು, ಆಮೇಲೆ ಬರೆದವರು ಅದನ್ನು ಮತ್ತೆ ಬರೆಯಬೇಕಂತೆ. "ಕ್ಲಾಸು ಸಂತೆಯಾಗುತ್ತೆ" ಎಂದು ಮೂಗು ಮುರಿದವಳು ನಾನು. ಆದರೆ "ಅಜ್ಜ ಬೈದ್ರು ಅಂತ ಬರ್ದಿದ್ದೀಯ, ಏನಂತ ಬೈದ್ರೋ?" ಎಂದು ಪಕ್ಕದವನು ಕೇಳಿದ್ದೇ ತಡ, ಒಂದು ಸಾಲಿಗೆ ತಿಣುಕುತ್ತಿದ್ದವನು ಒಂದು ಪುಟ ತುಂಬಿಸಿಬಿಟ್ಟ.

ಕ್ಲಾಸಿನಲ್ಲೊಬ್ಬಳು ವಾದದ ಹುಡುಗಿ ಇದ್ದಾಳೆ, ಎಲ್ಲರೂ ಲಾಯರಮ್ಮ ಎನ್ನುತ್ತೇವೆ. ಮಂಗಳವಾರ ಅವಳ ಜೊತೆಗಾತಿ ಬಂದಿರಲಿಲ್ಲ, ನಾನೇ ಜೋಡಿಯಾಗಿ ಕೂತೆ. ಅವಳ ನಾಯಿಯ ಪ್ರಬಂಧದ ಮೇಲೆ ಕಣ್ಣಾಡಿಸಿ, "ಚೆನ್ನಾಗಿದೆ, ತಮಾಷೆಯಾಗಿದೆ" ಎಂದೆ.

"ಏನು ತಮಾಷೆ ಮಿಸ್?"

"ಅದೇ, ನಾಯಿ ಚಪ್ಪಲಿ ಕದಿಯೋದು."

"ಎರಡನೇ ಪುಟದಲ್ಲಿ ಅದು ಸತ್ತೋಗಿದೆ ಮಿಸ್. ನೀವು ಪೂರ್ತಿ ಓದೇ ಇಲ್ಲ."

ಮೂವತ್ತೆಂಟು ಮಕ್ಕಳೂ ತಿರುಗಿ ನೋಡಿದರು. ಇಪ್ಪತ್ತು ವರ್ಷದಲ್ಲಿ ಎಷ್ಟು ನೋಟ್‌ಬುಕ್ಕುಗಳ ಮೇಲೆ ಹೀಗೆ 'ಚೆನ್ನಾಗಿದೆ' ಎಂದು ಗೀಚಿದ್ದೇನೋ! ತಪ್ಪಾಯಿತು ಎಂದು ಹೇಳಿ, ಎರಡೂ ಪುಟಗಳನ್ನು ಅವಳೆದುರಿಗೇ ಓದಿದೆ.

ಮನೆಗೆ ಬಂದವಳೇ ಬೀರು ತೆಗೆದು ನಿನ್ನ ಕಥೆಗಳ ನೋಟ್‌ಬುಕ್ ಹುಡುಕಿದೆ. ನಾಲ್ಕು ವರ್ಷದ ಹಿಂದೆ ಬಸ್ ಸ್ಟ್ಯಾಂಡಿನಲ್ಲಿ ನನ್ನ ಕೈಗಿಟ್ಟಿದ್ದೆಯಲ್ಲ, ನೀಲಿ ರಟ್ಟಿನದು, ಅದೇ. ಆ ವಾರವೇ ಫೋನ್ ಮಾಡಿ "ಚೆನ್ನಾಗಿದೆ ಕಣೇ" ಎಂದಿದ್ದೆ. "ಪೂರ್ತಿ ಓದಿದ್ಯಾ ಅಕ್ಕ?" ಎಂದು ಕೇಳಿದೆ ನೀನು. "ಒಂದಕ್ಷರ ಬಿಡದೆ" ಎಂದೆ ನಾನು. "ಸರಿ ಅಕ್ಕ" ಎಂದು ನೀನು ಫೋನ್ ಇಟ್ಟುಬಿಟ್ಟೆ. ಅಂದಿನಿಂದ ನಿನ್ನ ಕಾಗದಗಳು ಎರಡೆರಡು ಸಾಲಿಗಿಳಿದವು. ಸಂಸಾರಸ್ಥೆ, ಪುರುಸೊತ್ತಿಲ್ಲ ಎಂದುಕೊಂಡೆ.

ನಾನು ಓದಿರಲಿಲ್ಲ ಗುಬ್ಬಿ. ಮೊದಲ ಕಥೆಯನ್ನೂ ಮುಗಿಸಿರಲಿಲ್ಲ. ಬರೆಯಲು ನಾಚಿಕೆಯಾಗುತ್ತಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಆ ಪುಟ್ಟ ಕೋಣೆಯಲ್ಲಿ ನಿನಗೆ ಒಳ್ಳೆಯ ನಿದ್ದೆ ಬರಲಿ, ನಿನ್ನ ಕೈ ಬರೆಯುತ್ತಲೇ ಇರಲಿ.

ನಿನ್ನ
ಅಕ್ಕ

ವಿ.ಸೂ.: ಇದು ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲದ್ದು. ಮೂರನೆಯ ಕಥೆಯ ನಡುವೆ ಸಣ್ಣ ಅಕ್ಷರದಲ್ಲಿ ನೀನು ಬರೆದದ್ದನ್ನು ಮಂಗಳವಾರ ಓದಿದೆ: "ಅಕ್ಕ, ಇದು ಕಥೆಯಲ್ಲ. ಇವರು ನನ್ನ ಹೊಡೀತಾರೆ. ಬಾಯಿಬಿಟ್ಟು ಹೇಳೋಕಾಗಲ್ಲ. ಇಲ್ಲೀವರೆಗೆ ಓದಿದ್ರೆ ಫೋನ್ ಮಾಡು, ಬಂದು ಕರ್ಕೊಂಡು ಹೋಗು."

ನಾನು ಫೋನ್ ಮಾಡಿದೆ. ಮಾಡಿ, ಚೆನ್ನಾಗಿದೆ ಎಂದೆ. ಅಕ್ಕ ಓದಿಯೇ ಹೀಗಂದಳು ಎಂದುಕೊಂಡು ನಾಲ್ಕು ವರ್ಷ ಅಲ್ಲೇ ಇದ್ದೆಯಾ, ಗುಬ್ಬಿ?