ವಾಸನೆ ನಿಂತ ಮನೆ

ಜೂನ್ 16, ಸೋಮವಾರ

ಟ್ಯೂಷನ್ ಮಕ್ಕಳು ಈಗ ತಾನೇ ಹೋದರು. ಗಂಟಲು ಹರಿದುಹೋಗಿದೆ. ಧಾತು ಎಂದರೇನು, ಸಂಯುಕ್ತ ಎಂದರೇನು — ಒಂಬತ್ತನೇ ಕ್ಲಾಸಿನ ಈ ಮಹಾಶಯರಿಗೆ ಹೇಳುವಷ್ಟರಲ್ಲಿ ಜೀವ ಬಾಯಿಗೆ ಬಂತು. ಕೊನೆಗೆ ಉಪ್ಪಿನ ಡಬ್ಬಿ ತಂದು ಮುಂದಿಟ್ಟೆ. ಸೋಡಿಯಂ ನೀರಿಗೆ ಬಿದ್ದರೆ ಉರಿಯುತ್ತದೆ. ಕ್ಲೋರಿನ್ ಎಳೆದುಕೊಂಡರೆ ಸಾವು. ಎರಡರ ಪರಮಾಣುಗಳು ಕೂಡಿದರೆ — ಸಾರಿಗೆ ಹಾಕುವ ಉಪ್ಪು!

ಹರ್ಷದಾ ಕೈ ಎತ್ತಿದಳು. "ಟೀಚರ್, ಉಲ್ಟಾನೂ ಆಗತದೇನ್ರಿ? ಎರಡು ಪಾಪದವು ಕೂಡಿ ವಿಷ ಆಗೂದು?"

ಜಾಣೆ. ನಮ್ಮ ಮನೆಯಲ್ಲೇ ಇದೆಯಲ್ಲ ಅಂದೆ. ಹೈಡ್ರೋಜನ್‌ಗೆ ವಾಸನೆ ಇಲ್ಲ. ಗಂಧಕ ಸುಮ್ಮನೆ ಹಳದಿ ಪುಡಿ. ಎರಡೂ ಕೂಡಿದರೆ ಕೊಳೆತ ಮೊಟ್ಟೆಯ ಗ್ಯಾಸು. ಎಲ್ಲರೂ ಮೂಗು ಹಿಡಿದು ನಕ್ಕರು.

ನಗುವ ವಿಷಯವಲ್ಲ. ತೆಲುಗು ಸೀಮೆಯ ಕಾರ್ಖಾನೆ ಊರು ಪಟಾನ್‌ಚೆರುವಿನ ಈ ಮನೆಗೆ ಬಂದಾಗಿನಿಂದ ಇದೇ ಗೋಳು. ಬೆಳಗಿನ ಜಾವ ಯಾರದೋ ಟ್ಯಾಂಕರ್ ಬಂದು ಹಿಂದಿನ ದೊಡ್ಡ ಚರಂಡಿಗೆ ಏನೋ ಸುರಿದು ಹೋಗುತ್ತದೆ. ಬಚ್ಚಲಿನ ಜಾಲರಿಯಿಂದ ವಾಸನೆ ಒಳಗೆ. ಮಗಳು ಉಮಾಶ್ರೀ ದಿನಾ ತಲೆನೋವು ಅನ್ನುತ್ತಾಳೆ. ಮೂರನೇ ಕ್ಲಾಸಿನ ಹುಡುಗಿಗೆ ಎಂಥ ತಲೆನೋವು! ಹೆದರಿಕೆಯಾಗುತ್ತದೆ. ನಮ್ಮ ಮನೆಯವರದು ಒಂದೇ ರಾಗ — "ದೀಪಾವಳಿ ಬೋನಸ್ ಬರಲಿ ತಡಿ, ಮನಿ ಬದಲಿಸೂಣು."

ಜೂನ್ 20, ಶುಕ್ರವಾರ

ಬೆಳಿಗ್ಗೆ ಅತ್ತೆ ಚೀರಿದರು. ದೇವರಮನೆಯ ಜಗಲಿ ಮೇಲಿನ ಬೆಳ್ಳಿ ದೇವರು — ಯಲ್ಲಮ್ಮನ ಮುಖ, ನಂದಿ, ಎರಡೂ ಕಪ್ಪಿಟ್ಟಿವೆ. ಮೊನ್ನೆಯಷ್ಟೇ ಹುಣಸೆಹಣ್ಣು ಹಚ್ಚಿ ತಿಕ್ಕಿದ್ದರಂತೆ.

"ಅವ್ವ ಮುನಿಸ್ಕೊಂಡಾಳ. ಕೂಸಿಗಿ ಏನೋ ಕೇಡು ಐತಿ, ಅಹಲ್ಯಾ."

"ಕೇಡೂ ಇಲ್ಲ, ಗೀಡೂ ಇಲ್ರಿ ಅತ್ತಿ. ಗ್ಯಾಸಿನ್ಯಾಗಿನ ಗಂಧಕ ಬಂದು ಬೆಳ್ಳಿಗೆ ಗಂಟು ಬಿದ್ದೈತಿ. ಬೆಳ್ಳಿ ಎಲ್ಲೂ ಹೋಗಿಲ್ಲ. ಬಿಡಿಸಿ ಕೊಡ್ತೀನಿ ನೋಡ್ರಿ."

ಅವರು ಸ್ನಾನಕ್ಕೆ ಹೋದಾಗ ಒಲೆ ಮೇಲಿನ ಪಾತ್ರೆಗೆ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಅಡುಗೆ ಸೋಡಾ, ಬಿಸಿನೀರು, ಒಳಗೆ ದೇವರು. ಗಂಧಕ ಬೆಳ್ಳಿಯನ್ನು ಬಿಟ್ಟು ಅಲ್ಯೂಮಿನಿಯಂ ಹಿಡಿಯಿತು. ಬೆಳ್ಳಿ ಫಳಫಳ! ಅಷ್ಟರಲ್ಲಿ ಅತ್ತೆ ಒದ್ದೆ ಕೂದಲಲ್ಲೇ ಬಂದು ನಿಂತರು.

"ಅಯ್ಯ ನಿನ್ನ! ದೇವರನ್ನ ಬೆಂಕಿ ಮ್ಯಾಲಿಟ್ಟು ಕುದಸ್ತೀಯೇನ? ಅವೇನು ಆಲೂಗಡ್ಡಿನ?"

ನಗು ತಡೆಯಲಾಗಲಿಲ್ಲ. ಅವರು ಮಧ್ಯಾಹ್ನ ಊಟ ಮಾಡಲಿಲ್ಲ. ಹಾಳಾದ್ದು, ನಗಬಾರದಿತ್ತು.

ಜುಲೈ 3

ವಾಸನೆ ನಿಂತಿದೆ! ನಾಲ್ಕೈದು ದಿನ ಆಗಿರಬೇಕು. ಯಾವಾಗ ನಿಂತಿತೋ ಗೊತ್ತೇ ಆಗಲಿಲ್ಲ. ದೇವರೂ ಥಳಥಳ. ಟ್ಯಾಂಕರಿನವನಿಗೆ ಬುದ್ಧಿ ಬಂತೋ, ಪೊಲೀಸರು ಹಿಡಿದರೋ. ಅತ್ತೆಗೆ ತೋರಿಸಿದೆ — ನೋಡ್ರಿ, ಬೆಳ್ಳಿ ಬಿಳಿ ಇದ್ದರೆ ಗ್ಯಾಸ್ ಇಲ್ಲ ಅಂತ ಅರ್ಥ. ಅವರು ಮುಖ ತಿರುಗಿಸಿ ಒಳಗೆ ಹೋದರು. ಇನ್ನೂ ಸಿಟ್ಟು.

ಉಮಾಳ ತಲೆನೋವು ಮಾತ್ರ ಹೋಗಿಲ್ಲ. ಕಣ್ಣೂ ಕೆಂಪು. ಡಾಕ್ಟರು ವೈರಲ್ ಅಂದರು.

ಜುಲೈ 11, ಶುಕ್ರವಾರ

ಅತ್ತೆ ಹುಮನಾಬಾದಿಗೆ ಹೋದರು. ತಂಗಿಗೆ ಹುಷಾರಿಲ್ಲವಂತೆ. ಜಗಲಿಗೆ ಪರದೆ ಎಳೆದು, "ನಾ ಬರೂತನ ಮುಟ್ಟಬ್ಯಾಡ ನೀ" ಅಂತ ತಾಕೀತು.

ಮನೆ ವಿಚಿತ್ರ ಸುಮ್ಮನಿದೆ. ಟ್ಯೂಷನ್ ಮಕ್ಕಳೂ ಏನೇನೋ ನೆಪ ಹೇಳಿ ಬರುತ್ತಿಲ್ಲ. ಗೋಡೆ ಮೇಲೆ ಹಲ್ಲಿ ಇಲ್ಲ. ಸಕ್ಕರೆ ಡಬ್ಬಿ ತೆರೆದಿಟ್ಟರೂ ಇರುವೆ ಇಲ್ಲ. ದಿನಾ ಹಾಲಿಗೆ ಬರುತ್ತಿದ್ದ ಬೆಕ್ಕು ಹೊಸ್ತಿಲಾಚೆ ಕೂತು ಒಳಗೆ ನೋಡುತ್ತದೆ. ಕರೆದರೆ ಬಾರದು. ಬಚ್ಚಲ ಬಾಗಿಲಲ್ಲಿ ಒಂದು ಜಿರಳೆ ಅಂಗಾತ ಬಿದ್ದಿತ್ತು. ಗುಡಿಸಿದೆ. ಅದರಡಿ ಇನ್ನೊಂದು.

ಜುಲೈ 12

ಸಿಲಿಂಡರ್ ತಂದ ಹುಡುಗ ಬಾಗಿಲಲ್ಲೇ ನಿಂತುಬಿಟ್ಟ. ಮೂಗಿಗೆ ತೋಳು. "ಅಮ್ಮಾ, ಲೋಪಲ ಏದೈನಾ ಚಚ್ಚಿಂದಾ?" ಒಳಗೆ ಏನಾದರೂ ಸತ್ತಿದೆಯಾ ಅಂತ! ಬೆಳಿಗ್ಗೆಯಷ್ಟೇ ಫಿನೈಲ್ ಹಾಕಿ ಒರೆಸಿದ್ದೇನೆ. ಚೆನ್ನಾಗಿ ಬೈದೆ. ಸಿಲಿಂಡರ್ ಹೊರಗೇ ಇಟ್ಟು ಓಡಿದ.

ಫಿನೈಲ್... ಅದರ ವಾಸನೆಯೂ ಬರಲಿಲ್ಲವಲ್ಲ ನನಗೆ. ನೆಗಡಿ ಇರಬೇಕು.

ಜುಲೈ 14, ಸೋಮವಾರ, ಮಧ್ಯಾಹ್ನ

ಸೋಮವಾರ, ದೀಪವಾದರೂ ಹಚ್ಚೋಣ ಅಂತ ಪರದೆ ಸರಿಸಿದೆ. ದೇವರು ಇದ್ದಿಲಾಗಿವೆ. ಯಲ್ಲಮ್ಮನ ಕಣ್ಣು, ಮೂಗು ಯಾವುದೂ ತಿಳಿಯುವುದಿಲ್ಲ. ಬರೀ ಕಪ್ಪು ಮುಖ, ನನ್ನ ಕಡೆಗೆ ತಿರುಗಿದೆ.

ಅತ್ತೆಗೆ ಫೋನು. ದೇವರು ಕಪ್ಪಾಗಿವೆ ಅಂದೆ. ಅವರು ಅಂದರು —

"ನೀ ಮತ್ತ ಕುದಸ್ತಿ ಅಂತ ನಾನ ದಿನಾ ನಸುಕಿನ್ಯಾಗ ಎದ್ದು ತಿಕ್ಕತಿದ್ನೆವಾ. ದಿನಾ ಕರ್ರಗ ಆಗತಿದ್ವು. ನಿನಗ ಗೊತ್ತಾಗಬಾರದಂತ..."

ಗ್ಯಾಸ್ ಒಂದು ದಿನವೂ ನಿಂತಿಲ್ಲ. ನಿಂತದ್ದು ನಮ್ಮ ಮೂಗು! ಈ ಗ್ಯಾಸಿನ ಗುಣವೇ ಅದು. ಹೆಚ್ಚಾದರೆ ಮೊದಲು ಮೂಗನ್ನು ಕೊಲ್ಲುತ್ತದೆ, ಆಮೇಲೆ ಮನುಷ್ಯನನ್ನು. ಗಾಳಿಗಿಂತ ಭಾರ, ನೆಲದ ಮೇಲೇ ಹರಡುತ್ತದೆ. ಉಮಾ ಮಲಗುವುದು ನೆಲದ ಚಾಪೆಯ ಮೇಲೆ; ಇವತ್ತು ತಲೆನೋವೆಂದು ಶಾಲೆಗೂ ಹೋಗದೆ ಅಲ್ಲೇ ಮಲಗಿದ್ದಳು. ದೇವರೇ! ಎಬ್ಬಿಸಿದೆ. ಏಳಲೇ ಇಲ್ಲ. ಕೆನ್ನೆಗೆ ಬಡಿದೆ. ಕಡೆಗೆ "ಊಂ" ಅಂದಳು. ಎತ್ತಿಕೊಂಡು ಮಾಳಿಗೆಗೆ ಓಡಿದೆ.

ಸಂಜೆ, ಮಾಳಿಗೆ ಮೇಲೆ

ಉಮಾ ಎರಡು ಸಲ ವಾಂತಿ ಮಾಡಿಕೊಂಡಳು. ಈಗ ಪರವಾಗಿಲ್ಲ, ಬಿಸ್ಕತ್ತು ಕೇಳಿದಳು. ಗಾಳಿ ಚೆನ್ನಾಗಿದೆ. ಆಗಲೇ ಅವಳ ತಲೆಯ ಕೊಬ್ಬರಿ ಎಣ್ಣೆಯ ವಾಸನೆ ಬಂತು! ಮೂಗು ಬದುಕಿದೆ. ಅವಳನ್ನು ತಬ್ಬಿಕೊಂಡು ಅತ್ತುಬಿಟ್ಟೆ.

ಮುನಿಸಿಪಾಲ್ಟಿಯವರು ನಾಳೆ ಬರುತ್ತಾರಂತೆ. ಇವರು ಡ್ಯೂಟಿಯಿಂದ ಬಂದವರೇ, "ನಾಳಿತನ ಯಾಕ? ಹಿತ್ತಲದಾಗಿನ ಗಟಾರ ಚೇಂಬರಿನ ಮುಚ್ಚಳ ನಾನ ತಗೀತೀನಿ, ಗಾಳ್ಯಾಡಿದ್ರ ಆತು" ಅಂದರು. ಕಾಲು ಹಿಡಿದೆ. ಮಗಳ ಮೇಲೆ ಆಣೆ ಹಾಕಿದೆ. "ಆತ್ ಬಿಡವಾ, ಮುಟ್ಟೂದಿಲ್ಲ" ಅಂದರು. ಹಾಸಿಗೆ ತರಲು ಇಳಿದಿದ್ದಾರೆ. ಒಳಗೆ ನಿಲ್ಲಬೇಡಿ, ಉಸಿರು ಹಿಡಿದು ಹೋಗಿ ಬನ್ನಿ ಅಂದಿದ್ದೇನೆ. ಅವರು ಬರುವ ತನಕ ಬರೆಯುತ್ತ ಕೂತಿದ್ದೇನೆ.

ಉಮಾ ಮೂಗು ಮುಚ್ಚಿಕೊಂಡಳು. "ಮಮ್ಮಿ, ಮೊಟ್ಟಿ ವಾಸನಿ!" ಹೌದು... ನನಗೂ. ಒಮ್ಮೆಲೇ. ಇಷ್ಟು ಯಾವತ್ತೂ ಇರಲಿಲ್ಲ. ಕೆಳಗೆ ಕಲ್ಲಿನ ಮೇಲೆ ಹಾರೆಯ ಸದ್ದು.

ಕೂಗಿದೆ — "ಏನ್ ಮಾಡಾಕತ್ತೀರಿ? ಮ್ಯಾಲ ಬರ್ರಿ! ವಾಸನಿ ಬರಾಕತ್ತೈತಿ!"

ಹಿತ್ತಲಿಂದ ಅವರ ದನಿ, ನಗುತ್ತಲೇ —

"ಎಲ್ಲೈತೆ ಹುಚ್ಚಿ? ಮುಚ್ಚಳ ತಗದೀನಿ, ಬಗ್ಗಿ ನೋಡಾಕತ್ತೀನಿ. ಒಂಚೂರೂ ವಾಸನಿ ಇಲ್ಲ—"

ಹಾರೆ ಬಿದ್ದ ಸದ್ದು. ಉಮಾ, ಇಲ್ಲೇ ಇರು, ಇಳಿಯಬೇ