ಗೇಟು ದಾಟದ ಸಂದೇಶ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು, ಅಳಿಯಂದಿರು, ಗುಂಡು ಎಲ್ಲರೂ ಆರೋಗ್ಯವೇ? ನಿನ್ನಮ್ಮನ ಮಂಡಿನೋವು ಹೇಗಿದೆ? ಇಲ್ಲಿಯ ಸಂಗತಿ ಫೋನಿನಲ್ಲಿ ಹೇಳಿದರೆ ನಿನ್ನ ದೊಡ್ಡಪ್ಪನ ಕಿವಿಗೆ ಬೀಳುತ್ತದೆ, ಪಾಪ ನೊಂದುಕೊಳ್ಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಅವರ ಮರೆವು ಹೆಚ್ಚಾಗಿದೆ. ಬಾಗಿಲು ತೆಗೆದು ಎತ್ತಲೋ ಹೊರಟುಬಿಡುತ್ತಾರೆ. ನೀನು ಕೊಟ್ಟ ಹಳೆಯ ಕಂಪ್ಯೂಟರನ್ನು ಹೊಲಿಗೆ ಯಂತ್ರದ ಪಕ್ಕ ಇಟ್ಟು, ವಿಡಿಯೊ ನೋಡಿ ನೋಡಿ ನಾನೇ ಸರ್ವರ್ ಮಾಡಿಕೊಂಡೆ. ಬಾಗಿಲಿಗೊಂದು ಸೆನ್ಸರ್ ಅಂಟಿಸಿದೆ; ಬಾಗಿಲು ತೆರೆದರೆ ಅದು ಕಂಪ್ಯೂಟರಿಗೆ ತಿಳಿಸಿ, ಅಲ್ಲಿಂದ ನನ್ನ ಫೋನಿಗೆ ಸಂದೇಶ ಬರಬೇಕು. ನಮ್ಮನೆ ಸುದ್ದಿ ಯಾವುದೋ ಕಂಪನಿಯವರಿಗೆ ಯಾಕೆ ಎಂದು ಎಲ್ಲವನ್ನೂ ಮನೆಯೊಳಗೇ ಇಟ್ಟೆ. ಅಡುಗೆಮನೆ, ಬಚ್ಚಲು, ಮಹಡಿ, ಎಲ್ಲಿ ನಿಂತು ನೋಡಿದರೂ ಫೋನು ಟಣ್ ಎಂದಿತು. "ಇನ್ಮೇಲೆ ಕದ್ದು ಓಡೋ ಹಾಗಿಲ್ಲ ಅನ್ನು," ಎಂದು ಅವರೇ ನಕ್ಕರು.

ಸೋಮವಾರ ಹೊಲಿದ ಬಟ್ಟೆ ಕೊಡಲು ಹೋಗಿದ್ದೆ. ಫೋನು ಸದ್ದೇ ಮಾಡಲಿಲ್ಲ. ಮರಳಿ ಗೇಟಿಗೆ ಬರುತ್ತಲೇ ಟಣ್ ಎಂದಿತು: 'ಬಾಗಿಲು ತೆರೆದಿದೆ.' ಮನೆಯ ವೈಫೈ ಸಿಕ್ಕಮೇಲೆ ತಾನೇ ಅದು ಬರುವುದು! ಹೊರಗೆ ನಿಂತು ನೋಡಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಅವರು ದೊಡ್ಡ ರಸ್ತೆಯ ನಡುವೆ ಸಿಕ್ಕರು, ಬರಿಗಾಲಲ್ಲಿ. "ಎಲ್ಲಿ ಹೋಗಿದ್ದೆ? ನಿನ್ನೇ ಹುಡುಕ್ತಿದ್ದೆ," ಎಂದರು.

ರೌಟರಿನಲ್ಲಿ ಏನೋ ದಾರಿ ತೆರೆಯಬೇಕಂತೆ. ಎಷ್ಟು ವಿಡಿಯೊ ನೋಡಿದರೂ ತಲೆಗೆ ಹತ್ತುತ್ತಿಲ್ಲ. ಇರುವುದನ್ನೂ ಕೆಡಿಸಿಬಿಟ್ಟೇನೆಂಬ ಭಯ. ಹೊರಗಿದ್ದಾಗಲೂ ಸಂದೇಶ ಬರುವಂತೆ ಮಾಡುವುದು ಹೇಗೆಂದು ಬಿಡಿಸಿ ಬರೆ. ಅಲ್ಲಿಯವರೆಗೆ ನಾನು ಮನೆ ಬಿಟ್ಟು ಕದಲುವಂತಿಲ್ಲ. ಈ ಪತ್ರವನ್ನೂ ಪಕ್ಕದ ಮನೆಯವರೇ ಅಂಚೆಗೆ ಹಾಕಬೇಕು. ಬೇಗ ಬರೆ, ಮಗಳೇ.

ನಿನ್ನ
ದೊಡ್ಡಮ್ಮ